ಮಕ್ಕಳ ವೃಂದಗಾನಕ್ಕೆ ಶ್ರುತಿ ಇಡುವ ಮುನ್ನ

ಹಾಸನದಲ್ಲಿ ಮಕ್ಕಳ ಗಾಯನ ತಂಡ ನಡೆಸುತ್ತಿರುವವರಿಗೆ, ರಾಜ್ಯೋತ್ಸವದ ತಾಲೀಮು ಶುರುವಾಗುವ ಹೊತ್ತಿಗೆ ಒಂದು ಮಾತು. ಹಾಡಿನ ಮೊದಲ ಸಾಲು ನೋಡಿ ಶ್ರುತಿ ಗೊತ್ತುಮಾಡಬೇಡಿ. ಚರಣದಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಸಾಲನ್ನೇ ಮೊದಲು ಹಾಡಿಸಿ. ಕತ್ತಿನ ನರ ಉಬ್ಬಿತೇ, ಗದ್ದ ಮೇಲೆದ್ದಿತೇ? ಹಾರ್ಮೋನಿಯಂನಲ್ಲಿ ಒಂದು ಮನೆ ಇಳಿಸಿ ಮತ್ತೆ ನೋಡಿ. ಹಾಗೆಂದು ಗಂಡಸರ ಶ್ರುತಿಗೆ ಇಳಿಸಿದರೆ ಪುಟ್ಟವರ ಪಲ್ಲವಿ ಕೇಳಿಸುವುದೇ ಇಲ್ಲ.

ದನಿ ಒಡೆಯುತ್ತಿರುವ ಹುಡುಗರನ್ನು ದಯವಿಟ್ಟು ಹೊರಗೆ ಕೂರಿಸಬೇಡಿ. ಕೆಳಗಿನ ಸ್ಥಾಯಿಯಲ್ಲಿ ಹಾಡಲಿ, ಅದೂ ಕಷ್ಟವಾದರೆ ತಾಳ ಹಿಡಿಯಲಿ. ಆ ವಯಸ್ಸಿನಲ್ಲಿ ಮನಸ್ಸು ಮುದುಡಿದರೆ ಮತ್ತೆ ಹಾಡಿಗೆ ಕರೆತರುವುದು ಬಹಳ ಕಷ್ಟ. ಇದು ನನ್ನ ಖಚಿತ ಅಭಿಪ್ರಾಯ.

ನಾಡಗೀತೆಗೆ ಸರ್ಕಾರ ನಿಗದಿಪಡಿಸಿರುವ ಅವಧಿ 2 ನಿಮಿಷ 30 ಸೆಕೆಂಡು. ವೇದಿಕೆಯ ಉತ್ಸಾಹದಲ್ಲಿ ಮಕ್ಕಳು ಲಯ ಓಡಿಸುತ್ತಾರೆ, ಮೊಬೈಲ್‌ನಲ್ಲಿ ಸಮಯ ನೋಡಿಕೊಂಡೇ ಅಭ್ಯಾಸ ಮಾಡಿಸಿ.

ಹಾಸನಾಂಬೆಯ ಬಾಗಿಲು ತೆರೆದ ಮೇಲೆ ದೀಪಾವಳಿ ಮುಗಿಯುವವರೆಗೂ ಪೇಟೆಯ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನಗಳ ತಾಲೀಮನ್ನು ಬಡಾವಣೆಯಲ್ಲೇ ಯಾರದಾದರೂ ಮನೆಯ ಹಜಾರದಲ್ಲಿ ಇಟ್ಟುಕೊಳ್ಳಿ.