ಪಕ್ಕದ ಕಾರ್ಖಾನೆಗೆ ನಮ್ಮ ನೀರು, ಹಬೆ, ಬೂದಿ: ನಗರ ಮತ್ತು ಉದ್ಯಮಗಳು ಒಪ್ಪಂದ ಮಾಡಿಕೊಳ್ಳುವುದು ಹೇಗೆ?

ಒಂದು ಕಾರ್ಖಾನೆ ಹೊರಹಾಕುವ ವಸ್ತು ಇನ್ನೊಂದಕ್ಕೆ ಕಚ್ಚಾವಸ್ತುವಾಗಬೇಕು, ನಗರ ಬಳಸಿ ಬಿಟ್ಟ ನೀರು ಉದ್ಯಮಕ್ಕೂ ಕೃಷಿಗೂ ಒದಗಬೇಕು ಎಂಬುದು ವೃತ್ತಾಕಾರದ ಆರ್ಥಿಕತೆಯ ತಿರುಳು. ಇದನ್ನು ಯಾವುದಾದರೂ ದೊಡ್ಡ ಯೋಜನೆಯಿಂದ ಆರಂಭಿಸಬೇಕು ಎಂದು ಅನೇಕರು ತಿಳಿದಿದ್ದಾರೆ. ಈ ಕ್ಷೇತ್ರದಲ್ಲಿ ಎಲ್ಲರೂ ಉದಾಹರಿಸುವ ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಪಟ್ಟಣದಲ್ಲಿ ಹಾಗೆ ನಡೆಯಲಿಲ್ಲ. ಅಲ್ಲಿ ಅಂತರ್ಜಲ ಸಾಲದೆ, 1961ರಲ್ಲಿ ಹೊಸ ತೈಲ ಸಂಸ್ಕರಣಾಗಾರಕ್ಕೆ ಟಿಸ್ಸೊ ಸರೋವರದಿಂದ ನೀರು ತರುವ ಕೊಳವೆ ಮಾರ್ಗವನ್ನು ಪುರಸಭೆ ನಿರ್ಮಿಸಿತು. ಅದಕ್ಕೆ ಹಣ ಕೊಟ್ಟದ್ದು ಸಂಸ್ಕರಣಾಗಾರ. 1972ರಲ್ಲಿ ಅದೇ ಸಂಸ್ಕರಣಾಗಾರದ ಹೆಚ್ಚುವರಿ ಅನಿಲ ಪಕ್ಕದ ಜಿಪ್ಸಂ ಹಲಗೆಯ ಕಾರ್ಖಾನೆಗೆ ಹೋಯಿತು. 1980ರ ದಶಕದ ಆರಂಭದಲ್ಲಿ ಅಸ್ನೆಸ್ ವಿದ್ಯುತ್ ಸ್ಥಾವರದ ಶಾಖ ಊರಿನ ಮನೆಗಳನ್ನು ಬೆಚ್ಚಗಿಡತೊಡಗಿತು, ಅದರ ಹಬೆ ಸಂಸ್ಕರಣಾಗಾರಕ್ಕೂ ನೋವೊ (ಇಂದಿನ ನೋವೊ ನಾರ್ಡಿಸ್ಕ್) ಔಷಧ ಕಾರ್ಖಾನೆಗೂ ಹರಿಯಿತು. ಇವೆಲ್ಲವೂ ಇಬ್ಬಿಬ್ಬರ ನಡುವೆ, ಇಬ್ಬರಿಗೂ ಲಾಭವಿದೆ ಎಂಬ ಲೆಕ್ಕದ ಮೇಲೆ ಆದ ಪ್ರತ್ಯೇಕ ಒಪ್ಪಂದಗಳು. ನಮ್ಮ ಕೈಗಾರಿಕಾ ಪ್ರದೇಶಗಳ ಸಂಘಗಳೂ ನಗರ ಸಂಸ್ಥೆಗಳೂ ಅನುಸರಿಸಬೇಕಾದ ದಾರಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಪಟ್ಟಿ

ಕೈಗಾರಿಕಾ ಪ್ರದೇಶದ ಸಂಘವು ಪ್ರತಿ ಘಟಕದಿಂದ ಒಂದೇ ಪುಟದ ಮಾಹಿತಿಯನ್ನು ಕೇಳಬೇಕು: ಏನು ಹೊರಬೀಳುತ್ತದೆ, ತಿಂಗಳಿಗೆ ಎಷ್ಟು, ಯಾವ ಕಾಲದಲ್ಲಿ ಹೆಚ್ಚು, ಅದರಲ್ಲಿ ಏನೇನು ಬೆರೆತಿದೆ, ಅದನ್ನು ವಿಲೇವಾರಿ ಮಾಡಲು ಈಗ ತಗಲುವ ಖರ್ಚೆಷ್ಟು. ಅದೇ ಪುಟದಲ್ಲಿ ಆ ಘಟಕ ಕೊಳ್ಳುವ ನೀರು, ಇಂಧನ ಮತ್ತು ಮುಖ್ಯ ಕಚ್ಚಾವಸ್ತುಗಳೂ ಇರಲಿ. ಉತ್ಪಾದನೆಯ ಗುಟ್ಟು ಹೊರಬೀಳಬಹುದೆಂಬ ಅಂಜಿಕೆ ಮಾಲೀಕರಿಗೆ ಸಹಜವಾಗಿ ಇರುತ್ತದೆ; ಆದ್ದರಿಂದ ಈ ಪುಟಗಳು ಎಲ್ಲರ ಕೈಗೂ ಹೋಗದೆ, ಎಲ್ಲರಿಗೂ ಒಪ್ಪಿಗೆಯಾದ ಒಬ್ಬ ಸಂಯೋಜಕರ ಬಳಿ ಮಾತ್ರ ಇರಬೇಕು.

ಬಳಿಕ ದೂರದ ಲೆಕ್ಕ

ಹಬೆ ಮತ್ತು ಬಿಸಿನೀರು ಕೆಲವೇ ಕಿಲೋಮೀಟರುಗಳಲ್ಲಿ ಶಾಖ ಕಳೆದುಕೊಳ್ಳತೊಡಗುವುದರಿಂದ ಅವುಗಳಿಗೆ ಹತ್ತಿರದ ನೆರೆಯವರೇ ಬೇಕು. ಶುದ್ಧೀಕರಿಸಿದ ನೀರು ಇನ್ನಷ್ಟು ದೂರ ಹೋಗಬಲ್ಲದು, ಆದರೆ ಪಂಪಿನ ವಿದ್ಯುತ್ ಬಿಲ್ಲನ್ನು ಮರೆಯಬಾರದು. ಹಾರುಬೂದಿ, ಜಿಪ್ಸಂ, ಕಬ್ಬಿಣದ ಕುಲುಮೆಯ ಗಸಿಯಂಥ ಒಣವಸ್ತುಗಳು ಲಾರಿ ಅಥವಾ ರೈಲಿನಲ್ಲಿ ಜಿಲ್ಲೆಗಳನ್ನು ದಾಟಬಲ್ಲವು. ಪುರಸಭೆಯ ಮಟ್ಟದಲ್ಲಿ ಕೂಡುವ ಸಭೆಗೆ ಯಾವ ವಸ್ತು ಬರಬೇಕು, ಜಿಲ್ಲೆ ಅಥವಾ ರಾಜ್ಯದ ಮಟ್ಟಕ್ಕೆ ಯಾವುದು ಹೋಗಬೇಕು ಎಂಬುದನ್ನು ಈ ಲೆಕ್ಕವೇ ನಿರ್ಧರಿಸುತ್ತದೆ.

ಒಪ್ಪಂದದ ಕರಡು

ಹೆಚ್ಚಿನ ಶ್ರಮ ಬೇಕಾಗುವುದು ಇಲ್ಲಿ. ಬೆಲೆಯನ್ನು ನಿಗದಿ ಮಾಡುವಾಗ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಳ್ಳಬೇಕು: ಕೊಡುವವರು ವಿಲೇವಾರಿಗೆ ಈಗ ಮಾಡುತ್ತಿರುವ ಖರ್ಚು ಒಂದು, ಪಡೆಯುವವರು ಹೊಸ ಕಚ್ಚಾವಸ್ತುವಿಗೆ ತೆರುತ್ತಿರುವ ದರ ಇನ್ನೊಂದು. ಸಾಗಣೆ ಮತ್ತು ಸಂಸ್ಕರಣೆಯ ವೆಚ್ಚ ಸೇರಿದ ಮೇಲೂ ಇಬ್ಬರಿಗೂ ಉಳಿತಾಯವಾಗದಿದ್ದರೆ ಆ ವಿನಿಮಯವನ್ನು ಬಲವಂತವಾಗಿ ನಡೆಸುವುದರಲ್ಲಿ ಅರ್ಥವಿಲ್ಲ. ಅನುದಾನದ ಆಸರೆಯಲ್ಲಿ ನಿಂತದ್ದು ಅನುದಾನ ಮುಗಿದ ದಿನ ನಿಲ್ಲುತ್ತದೆ.

ಬೆಲೆಯ ನಂತರ ಗುಣಮಟ್ಟ. ನೀರಾದರೆ ಲವಣಾಂಶ, ಅಮೋನಿಯ, ತೇಲುಕಣಗಳ ಮಿತಿಯನ್ನು ಅಂಕಿಯಲ್ಲೇ ಬರೆಯಬೇಕು, ಮಾದರಿಯನ್ನು ಯಾರು, ಎಲ್ಲಿ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆಂದು ನಮೂದಿಸಬೇಕು. ಕೊಳವೆ ಮಾರ್ಗವನ್ನು ಹಾಕುವವರು ಯಾರು, ಅದು ಹಾದುಹೋಗುವ ಜಾಗವನ್ನು ಕೊಡಿಸುವವರು ಯಾರು, ಮೀಟರ್ ಯಾರ ಗಡಿಯೊಳಗಿರಬೇಕು ಎಂಬುದೂ ಬರಹದಲ್ಲಿರಬೇಕು. ನಗರ ಸಂಸ್ಥೆಯ ನಿಜವಾದ ಬಲ ಇರುವುದು ಇಲ್ಲೇ: ರಸ್ತೆ ಅಗೆಯುವ ಅನುಮತಿ, ಜಾಗ, ಒಳಚರಂಡಿ ಶುದ್ಧೀಕರಣ ಘಟಕ ಇವೆಲ್ಲ ಅದರ ಕೈಯಲ್ಲಿವೆ.

ಪೂರೈಕೆ ನಿಂತರೆ ಏನು ಮಾಡುವುದು ಎಂಬ ಷರತ್ತನ್ನು ಮೊದಲ ದಿನವೇ ಬರೆಯಬೇಕು. ಮಂಗಳೂರಿನ ತೈಲ ಸಂಸ್ಕರಣಾಗಾರವಾದ ಎಂಆರ್‌ಪಿಎಲ್ 2016ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಅದು ನದಿಯ ನೀರಿನ ಜೊತೆಗೆ ನಗರದ ಶುದ್ಧೀಕರಿಸಿದ ಒಳಚರಂಡಿ ನೀರನ್ನೂ ಬಳಸುತ್ತದೆ, ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕವನ್ನೂ ಕಟ್ಟಿಕೊಂಡಿದೆ. ಕಲುಂಡ್‌ಬೋರ್ಗ್‌ನಂತೆ ಇಲ್ಲಿಯೂ ತೈಲ ಸಂಸ್ಕರಣಾಗಾರವನ್ನು ನಗರದ ಜೊತೆ ಮಾತುಕತೆಗೆ ಕೂರಿಸಿದ್ದು ನೀರಿನ ಅಭಾವವೇ ಎಂಬುದು ಗಮನಿಸಬೇಕಾದ ಸಂಗತಿ. ಬೇಸಿಗೆಯಲ್ಲಿ ಸೊರಗದ ಮೂಲವೆಂದರೆ ನಗರದ ಬಳಸಿದ ನೀರು, ಆದ್ದರಿಂದ ಮೊದಲ ಒಪ್ಪಂದಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಅನುಮತಿ

ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿರುವ ವಸ್ತುವನ್ನು ಇನ್ನೊಂದು ಕಾರ್ಖಾನೆ ಕಚ್ಚಾವಸ್ತುವಾಗಿ ಬಳಸಬೇಕಾದರೆ 2016ರ ನಿಯಮಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಅರ್ಜಿಯನ್ನು ಕರಡು ಸಿದ್ಧವಾಗುತ್ತಿರುವಾಗಲೇ ಸಲ್ಲಿಸುವುದು ಲೇಸು.

ಸುತ್ತಲಿನ ಗ್ರಾಮಗಳು

ವಿನಿಮಯ ನಗರದ ಗಡಿ ದಾಟಿದಾಗ ಸಹಿ ಹಾಕದವರೂ ಅದರ ಪಾಲುದಾರರಾಗುತ್ತಾರೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮರುತಿಂಗಳೇ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟ್ ಮುಂದೆ ಹೋಗಿ ನೀರು ಹರಿಸುವುದು ಕೆಲಕಾಲ ನಿಂತಿತು. ದಶಕಗಳಿಂದ ಒಣಗಿದ್ದ ಕೆರೆಗಳು ಮುಂದೆ ತುಂಬಿದವು, ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬಂತು. ಆದರೂ ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕೆಂಬ ರೈತರ ಒತ್ತಾಯ ಉಳಿದೇ ಇದೆ, ಅದು ನ್ಯಾಯವಾದ ಒತ್ತಾಯವೆಂದೇ ನಾನು ಭಾವಿಸುತ್ತೇನೆ. ನೀರು ಬಿಡುವ ಮೊದಲೇ ಗ್ರಾಮ ಪಂಚಾಯಿತಿಯವರ ಎದುರು ಮಾದರಿ ತೆಗೆದು, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಹಾಕುವ ಕ್ರಮ ಒಪ್ಪಂದದ ಭಾಗವಾಗಬೇಕು.

ಸಂಯೋಜಕರು, ವಾರ್ಷಿಕ ಪರಿಶೀಲನೆ

ಕಲುಂಡ್‌ಬೋರ್ಗ್‌ನಲ್ಲಿ ಈ ವಿನಿಮಯಗಳಿಗೆಂದೇ ಒಂದು ಸಂಸ್ಥೆ ಹುಟ್ಟಿದ್ದು 1996ರಲ್ಲಿ, ಅಂದರೆ ಮೊದಲ ಕೊಳವೆ ಮಾರ್ಗದ ಯೋಜನೆಯಾದ 35 ವರ್ಷಗಳ ನಂತರ. ಹೀಗಾಗಿ ಕಚೇರಿ, ಜಾಲತಾಣ, ಲಾಂಛನಗಳನ್ನು ಮುಂದಕ್ಕೆ ಹಾಕಿದರೂ ನಷ್ಟವಿಲ್ಲ; ಎರಡೂ ಕಡೆಯ ಎಂಜಿನಿಯರುಗಳನ್ನು ಹೆಸರಿನಿಂದ ಬಲ್ಲ, ಸಂಬಳ ಪಡೆದು ಇದೊಂದೇ ಕೆಲಸ ಮಾಡುವ ಒಬ್ಬ ವ್ಯಕ್ತಿ ಆರಂಭದಲ್ಲಿ ಸಾಕು. ಆ ಸಂಬಳವನ್ನು ಸಂಘ ಮತ್ತು ನಗರ ಸಂಸ್ಥೆ ಹಂಚಿಕೊಂಡರೆ ಸಂಯೋಜಕರು ಒಂದೇ ಕಡೆಯವರೆಂಬ ಅನುಮಾನ ಹುಟ್ಟುವುದಿಲ್ಲ.

ಪ್ರತಿ ವರ್ಷ ಬಜೆಟ್ ಸಿದ್ಧವಾಗುವ ಮುನ್ನ ಆ ಒಂದು ಪುಟದ ಪಟ್ಟಿಗಳನ್ನು ಸಂಯೋಜಕರು ಹೊಸದಾಗಿ ತರಿಸಿಕೊಳ್ಳಬೇಕು, ಏಕೆಂದರೆ ಕಾರ್ಖಾನೆಗಳು ಬದಲಾಗುತ್ತವೆ. ಅಸ್ನೆಸ್ ಸ್ಥಾವರವು ಕಲ್ಲಿದ್ದಲಿನ ಹೊಗೆಯಿಂದ ಗಂಧಕ ಬೇರ್ಪಡಿಸುವಾಗ ಸಿಗುತ್ತಿದ್ದ ಜಿಪ್ಸಂ ಅನ್ನು 1993ರಿಂದ ಪಕ್ಕದ ಹಲಗೆ ಕಾರ್ಖಾನೆಗೆ ಕೊಡುತ್ತಿತ್ತು; ಮುಂದೆ ಸ್ಥಾವರ ಕಲ್ಲಿದ್ದಲನ್ನು ಬಿಟ್ಟು ಮರದ ಚೂರುಗಳಿಗೆ ಬದಲಾದಾಗ ಆ ಮೂಲವೇ ಇಲ್ಲವಾಯಿತು. ಇಂಥ ಬದಲಾವಣೆಗೆ ಕನಿಷ್ಠ ಎಷ್ಟು ತಿಂಗಳ ಮುನ್ಸೂಚನೆ ಕೊಡಬೇಕು, ಆ ಅವಧಿಯಲ್ಲಿ ಪರ್ಯಾಯ ಮೂಲವನ್ನು ಹುಡುಕುವ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಒಪ್ಪಂದದ ಕೊನೆಯ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.