ಆಪರೇಷನ್ ಆದ ಕಾಲಿಗೆ ಬೂಟು: ಹಾಕುವುದು ಹೇಗೆ, ಓಡಾಡುವುದು ಹೇಗೆ

ಹೋದ ಮಳೆಗಾಲದಲ್ಲಿ ಧಾರವಾಡದ ನಮ್ಮ ಮನೆಯ ಪಾವಟಿಗೆ ಮೇಲೆ ಕಾಲು ಹೊರಳಿತು. ಎಡಗಾಲಿನ ಕಿರುಬೆರಳಿನ ಹಿಂದಿರುವ ಉದ್ದ ಎಲುಬು ಮುರಿದು, ಒಳಗೆ ಸ್ಕ್ರೂ ಹಾಕಿದರು. 2 ವಾರ ಪ್ಲಾಸ್ಟರ್, ಹೊಲಿಗೆ ಬಿಚ್ಚಿದ ಮೇಲೆ 6 ವಾರ ಬೂಟು. ಬೂಟು ಅಂದರೆ ಸಾಲಿ ಹುಡುಗರು ಹಾಕುವಂಥದ್ದಲ್ಲ. ಮೊಣಕಾಲಿನ ಕೆಳಗಿನ ತನಕ ಬರುವ ಗಟ್ಟಿ ಪ್ಲಾಸ್ಟಿಕ್ ಕವಚ, ಒಳಗೆ ಮೆತ್ತನೆಯ ಫೋಮು, ಸುತ್ತಲೂ ವೆಲ್ಕ್ರೋ ಪಟ್ಟಿ, ಕೆಳಗೆ ತೊಟ್ಟಿಲಿನ ಹಾಗೆ ಬಾಗಿದ ಅಟ್ಟೆ. ಸರ್ಜಿಕಲ್ ಅಂಗಡಿಯಲ್ಲಿ ವಾಕರ್ ಬೂಟ್ ಅಂದರೆ ಗೊತ್ತಾಗುತ್ತದೆ. ನಮ್ಮ ಓಣಿಯ ಅಜ್ಜಿಯೊಬ್ಬರು ನೋಡಿ, “ಏನವಾ, ಚಂದ್ರಲೋಕಕ್ಕ ಹೊಂಟೀಯೇನು?” ಅಂದರು.

ಹಾಕಿಕೊಳ್ಳೋದು ಹೇಗೆ ಅಂತ ಯಾರೂ ಕೂತು ಹೇಳಿಕೊಡಲಿಲ್ಲ. ತಪ್ಪು ಮಾಡಿಯೇ ಕಲಿತೆ. ನಿಮಗೆ ಆ ತಾಪತ್ರಯ ಬೇಡ.

ಮೊದಲು ಡಾಕ್ಟರಿಗೆ ಒಂದು ಪ್ರಶ್ನೆ

ಎಷ್ಟು ಭಾರ ಹಾಕಬಹುದು? ಇದನ್ನು ಕೇಳದೆ ಹೆಜ್ಜೆ ಇಡಬೇಡಿ. ಬೂಟು ಕೊಟ್ಟರು ಅಂದ ಕೂಡಲೇ ನಡೆಯಬಹುದು ಅಂತಲ್ಲ. ಕೆಲವರಿಗೆ ಕಾಲು ಊರಲೇಬಾರದು, ಕೆಲವರಿಗೆ ಸ್ವಲ್ಪ, ಕೆಲವರಿಗೆ ಪೂರ್ತಿ. ನನಗೆ ಮೊದಲು 20 ಕೆಜಿ ತನಕ ಅಂದರು. 20 ಕೆಜಿ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ಫಿಸಿಯೋಥೆರಪಿಯವರು ಹೇಳಿಕೊಟ್ಟ ಉಪಾಯ ಇದು. ಮನೆಯ ತೂಕದ ಮಷಿನ್ ನೆಲಕ್ಕಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ಊಟದ ಮಣೆ ಇಡಿ. ಒಳ್ಳೆ ಕಾಲು ಮಣೆಯ ಮೇಲೆ, ಬೂಟಿನ ಕಾಲು ಮಷಿನ್ ಮೇಲೆ, ಕೈ ವಾಕರ್ (ಹಿಡಿದು ನಡೆಯುವ ನಾಲ್ಕು ಕಾಲಿನ ಚೌಕಟ್ಟು) ಮೇಲೆ. ಮುಳ್ಳು 20ಕ್ಕೆ ಬರುವ ತನಕ ಮೆಲ್ಲಗೆ ಒತ್ತಿ. ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದರೆ ಕಾಲಿಗೇ ಅಂದಾಜು ಸಿಗುತ್ತದೆ.

ಹಾಕುವ ಕ್ರಮ

ಕುರ್ಚಿಯ ಮೇಲೆ ಕೂತೇ ಹಾಕಿ. ನಿಂತು ಹಾಕುವ ಸಾಹಸ ಬೇಡ. ಮೊದಲು ಮೊಣಕಾಲಿನ ತನಕ ಬರುವ ಹತ್ತಿಯ ಸಾಕ್ಸ್, ಒಂದೂ ನೆರಿಗೆ ಇರಬಾರದು. ಪಟ್ಟಿಗಳನ್ನೆಲ್ಲ ಪೂರ್ತಿ ಬಿಚ್ಚಿ, ಫೋಮನ್ನು ಅಗಲಿಸಿ, ಕಾಲು ಒಳಗಿಡಿ. ಈಗ ಹಿಮ್ಮಡಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬೂಟಿನ ಮೂಲೆಗೆ ಕೂಡಿಸಿ. ಇಡೀ ಕೆಲಸದಲ್ಲಿ ಮುಖ್ಯ ಇದೇ. ಹಿಮ್ಮಡಿ ಒಂದು ಬೆರಳು ಮುಂದೆ ಉಳಿದರೂ ಹೆಜ್ಜೆ ಇಟ್ಟಾಗಲೆಲ್ಲ ಅದು ಮೇಲೆ ಕೆಳಗೆ ಜಾರುತ್ತದೆ, ಚರ್ಮ ಉಜ್ಜುತ್ತದೆ. ನನಗೆ ಮೂರನೇ ದಿನವೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು.

ಆಮೇಲೆ ಫೋಮು ಮುಚ್ಚಿ, ಪಟ್ಟಿಗಳನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಒಂದೊಂದಾಗಿ ಹಾಕುತ್ತಾ ಬನ್ನಿ. ಜಾರೀತು ಅನ್ನೋ ಹೆದರಿಕೆಗೆ ನಾನು ಜೋಳದ ಚೀಲ ಕಟ್ಟಿದ ಹಾಗೆ ಬಿಗಿದಿದ್ದೆ. ಸಂಜೆ ಹೊತ್ತಿಗೆ ಬೆರಳು ನೀಲಿ! ಪಟ್ಟಿಯ ಕೆಳಗೆ ಒಂದು ಬೆರಳು ತೂರಬೇಕು, ಅಷ್ಟು ಸಾಕು. ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಬೆಳ್ಳಗಾದದ್ದು ಒಂದೆರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆಳಿಗ್ಗೆ ಸರಿ ಇದ್ದ ಬಿಗಿ ಸಂಜೆಗೆ ಜಾಸ್ತಿ ಆಗುತ್ತದೆ, ಯಾಕಂದರೆ ಕಾಲು ಬಾತುಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಪಟ್ಟಿ ಸಡಿಲಿಸಿ ಮತ್ತೆ ಹಾಕಿ. ಗಾಳಿ ತುಂಬುವ ಬೂಟಾದರೆ ಕಾಲನ್ನು ಮೆತ್ತಗೆ ಅಪ್ಪಿ ಹಿಡಿಯುವಷ್ಟೇ ತುಂಬಿ, ಬಿಚ್ಚುವ ಮೊದಲು ಗಾಳಿ ತೆಗೆಯಿರಿ.

ಇನ್ನೊಂದು ಕಾಲು

ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬೂಟಿನ ಅಟ್ಟೆ ದಪ್ಪ, ಆ ಕಾಲು 2–3 ಸೆಂಟಿಮೀಟರ್ ಎತ್ತರ ಆಗುತ್ತದೆ. ಇನ್ನೊಂದು ಕಾಲಿಗೆ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು, ಒಂದು ವಾರ ಕುಂಟಿಕೊಂಡು ಓಡಾಡಿದೆ. ಕಾಲಿನ ನೋವಿಗಿಂತ ಸೊಂಟದ ನೋವೇ ಜೋರಾಯಿತು, ರಾತ್ರಿ ಮಗ್ಗಲು ಬದಲಿಸಲು ಆಗುತ್ತಿರಲಿಲ್ಲ. ಎಲುಬಿನದೇ ಏನೋ ಕೆಟ್ಟಿತು ಅಂದುಕೊಂಡಿದ್ದೆ. ಕಾರಣ ನೋಡಿದರೆ ಚಪ್ಪಲಿ!

ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂ ಇದ್ದರೆ ಅದನ್ನೇ ಹಾಕಿ, ಮನೆಯೊಳಗೂ ಹಾಕಿ. ಇಲ್ಲದಿದ್ದರೆ ಹಿಂದೆ ಪಟ್ಟಿ ಇರುವ ಚಪ್ಪಲಿಗೆ ಅಟ್ಟೆ ಏರಿಸಿ. ನಮ್ಮ ಮನೆಯವರು ನನ್ನ ಬಲಗಾಲಿನ ಚಪ್ಪಲಿ ಒಂದನ್ನೇ ಸುಭಾಸ ರೋಡಿನ ಕಡೆ ಒಯ್ದಿದ್ದರು. ಚಪ್ಪಲಿ ಹೊಲಿಯುವವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇನ್ನೊಂದು ಎಲ್ಲೈತ್ರಿ?” ಅಂದರಂತೆ. ಬೂಟಿನ ಅಟ್ಟೆಯ ದಪ್ಪ ಮೊದಲೇ ಅಳೆದು ಕಳಿಸಿದ್ದೆ, ಅಷ್ಟೇ ರಬ್ಬರ್ ಅಂಟಿಸಿ, ಸುತ್ತ ಹೊಲಿಗೆ ಹಾಕಿ ಕೊಟ್ಟರು. ನಾಲ್ಕೇ ದಿನಕ್ಕೆ ಸೊಂಟ ಹಗುರಾಯಿತು.

ಮನೆಯೊಳಗೆ

ಸಣ್ಣ ಹೆಜ್ಜೆ ಇಡಿ, ಬೆರಳು ನೇರ ಮುಂದಕ್ಕೆ ಇರಲಿ. ಬಾಗಿದ ಅಟ್ಟೆ ತಾನೇ ಉರುಳಿಸಿಕೊಂಡು ಹೋಗುತ್ತದೆ, ನೀವು ದೂಡಬೇಕಿಲ್ಲ. ವಾಕರ್ ಬಿಟ್ಟು ಒಂದೇ ಕೋಲಿಗೆ ಬಂದಾಗ ಕೋಲು ಎದುರು ಕೈಯಲ್ಲಿರಲಿ. ಎಡಗಾಲಿಗೆ ಆಪರೇಷನ್ ಆದರೆ ಬಲಗೈ. ಪಾವಟಿಗೆ ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಬೂಟಿನ ಕಾಲು ಮೊದಲು. ಶಹಾಬಾದ್ ಕಲ್ಲಿನ ನೆಲ ಒದ್ದೆಯಾದರೆ ಬೂಟು ಜಾರುತ್ತದೆ, ನೆಲ ಒರೆಸಿದ ಮೇಲೆ ಒಣಗುವ ತನಕ ಕೂತಲ್ಲಿಂದ ಏಳಬೇಡಿ.

ಕೂತಾಗ, ಮಲಗಿದಾಗ ಕಾಲು ಎತ್ತರದಲ್ಲಿಡಬೇಕು. ಸ್ಟೂಲಿನ ಮೇಲಿಟ್ಟರೆ ಸಾಲದು, ಎದೆಯ ಮಟ್ಟಕ್ಕಿಂತ ಮೇಲೆ ಬರಬೇಕು. ಎರಡು ಕೌದಿ ಮಡಿಚಿ ಮೀನಖಂಡದ ಕೆಳಗೆ ಇಟ್ಟು, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ. ಹಿಮ್ಮಡಿ ಕೌದಿಗೆ ಒತ್ತಿದರೆ ಅಲ್ಲೂ ಹುಣ್ಣಾಗುತ್ತದೆ. ರಾತ್ರಿ ಬೂಟು ಬಿಚ್ಚಬಹುದೋ ಇಲ್ಲವೋ ಆಪರೇಷನ್ ಮೇಲೆ ಹೋಗುತ್ತದೆ. ಹಿಮ್ಮಡಿಯ ಹಿಂದಿನ ದಪ್ಪ ನರ (ಅಕಿಲಿಸ್ ಟೆಂಡನ್) ಹೊಲಿದವರಿಗೆ ಮಲಗುವಾಗಲೂ ಬೇಕು ಅನ್ನುವುದುಂಟು. ಕೇಳಿಯೇ ಬಿಚ್ಚಿ.

ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ನಾನ, ಗಾಯ ಮಾಯುವ ತನಕ ಕಾಲಿಗೆ ಚೀಲ ಕಟ್ಟಿಕೊಂಡು. ಕುಕ್ಕರಗಾಲಲ್ಲಿ ಕೂರುವುದು ಬಂದ್, ಕಮೋಡ್ ಕುರ್ಚಿ ತಂದುಬಿಡಿ. ನೋಡಲು ಬಂದವರು ಬಾಳೆಹಣ್ಣಿನ ಜೊತೆ ಸಲಹೆಯನ್ನೂ ತರುತ್ತಾರೆ. ಬೂಟು ಬಿಚ್ಚಿ ಬಿಸಿ ಎಣ್ಣೆ ಹಚ್ಚಿ ತಿಕ್ಕು, ಅರಿಶಿನ ಮೆತ್ತು ಅಂತ. ಹಣ್ಣು ತಿನ್ನಿ, ಉಳಿದದ್ದು ಬಿಡಿ.

ದಿನಾ ನೋಡಬೇಕಾದ್ದು

ಬಿಚ್ಚಲು ಅನುಮತಿ ಇದ್ದರೆ ದಿನಕ್ಕೊಮ್ಮೆ ಕಾಲು ಪೂರ್ತಿ ನೋಡಿ, ಅಂಗಾಲಿಗೆ ಕೈಗನ್ನಡಿ ಹಿಡಿಯಿರಿ. ಸಕ್ಕರೆ ಕಾಯಿಲೆ ಇದ್ದವರಿಗೆ ಗುಳ್ಳೆ ಎದ್ದರೂ ನೋವೇ ಗೊತ್ತಾಗದೆ ಇರಬಹುದು, ಅವರು ಇದನ್ನು ತಪ್ಪಿಸಲೇಬಾರದು. ಗಾಯದಿಂದ ಕೀವು, ಜ್ವರ, ಹೆಚ್ಚುತ್ತಾ ಹೋಗುವ ಕೆಂಪು ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೀನಖಂಡ ಗಟ್ಟಿಯಾಗಿ ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರವಾಗಿ ಎಮರ್ಜೆನ್ಸಿಗೆ. ಸಿಗರೇಟು, ಗುಟಖಾ ಇದ್ದರೆ ಈ ತಿಂಗಳಾದರೂ ಬಿಡಿ, ಎಲುಬು ಕೂಡುವುದನ್ನು ನಿಕೋಟಿನ್ ತಡ ಮಾಡುತ್ತದೆ.

ಹೊರಗೆ ಹೋಗುವಾಗ

ಗಾಡಿ ಓಡಿಸಬೇಡಿ. ಬಲಗಾಲಿಗೆ ಬೂಟಿದ್ದರೆ ಕಾರಿನ ಬ್ರೇಕ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಎಡಗಾಲಲ್ವಾ, ಸ್ಕೂಟಿ ನಡೀತದೆ ಅನ್ನಬೇಡಿ, ಸಿಗ್ನಲ್‌ನಲ್ಲಿ ಗಾಡಿ ವಾಲಿದರೆ ಊರುವುದು ಯಾವ ಕಾಲು? ಆಟೋದಲ್ಲಿ ಮೊದಲು ಹಿಂಬದಿ ಊರಿ ಕೂತು, ಆಮೇಲೆ ಬೂಟನ್ನು ಒಳಗೆ ಎಳೆದುಕೊಳ್ಳಿ. ಹುಬ್ಬಳ್ಳಿಗೆ ತೋರಿಸಲು ಹೋಗುವಾಗ ನನಗೆ ಚಿಗರಿಯೇ (ಹುಬ್ಬಳ್ಳಿ-ಧಾರವಾಡದ ನಡುವಿನ ಬಿಆರ್‌ಟಿಎಸ್ ಬಸ್ಸು) ಸುಲಭ ಅನಿಸಿತು. ನಿಲ್ದಾಣದ ಕಟ್ಟೆಗೂ ಬಸ್ಸಿನ ನೆಲಕ್ಕೂ ಒಂದೇ ಮಟ್ಟ, ಪಾವಟಿಗೆ ಹತ್ತುವ ಕೆಲಸವೇ ಇಲ್ಲ. ನಡುವಿನ ಸಂದು ನೋಡಿಕೊಂಡು ದಾಟಿದರಾಯಿತು.

ಮಳೆಯಲ್ಲಿ ಎರಿ ಮಣ್ಣು ತುಳಿದರೆ ಮುಗೀತು. ಅಟ್ಟೆಗೆ ಒಂದು ಸೇರು ಮಣ್ಣು ಹತ್ತಿ ಬೂಟು ಇನ್ನಷ್ಟು ಎತ್ತರ. ಕಟ್ಟೆಯ ಮೇಲೆ ಕೂತು, ಬೂಟು ಬಿಚ್ಚದೆ, ಮನೆಯವರ ಕೈಲಿ ಕಡ್ಡಿಯಿಂದ ಕೆರೆಸಿಕೊಳ್ಳಿ. ಒಳಗಿನ ಫೋಮು ತೆಗೆಯಲು ಬಂದರೆ ಸೋಪಿನ ನೀರಲ್ಲಿ ಕೈಯಿಂದ ತೊಳೆದು ಫ್ಯಾನ್ ಕೆಳಗೆ ಒಣಗಿಸಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಗ್ಗದ ಮೇಲೆ ಹಾಕಿದರೆ ಎರಡು ದಿನವಾದರೂ ಒಣಗುವುದಿಲ್ಲ.

ಬಿಡುವ ಹೊತ್ತು

ನೋವು ಕಡಿಮೆ ಆಯಿತು ಅಂತ ನೀವೇ ಬಿಡಬೇಡಿ. ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಲಿ. ನನಗೆ ಮೊದಲು ದಿನಕ್ಕೆ ಒಂದು ತಾಸು ಶೂ, ಆಮೇಲೆ ಎರಡು, ಹೀಗೆ ಏರಿಸುತ್ತಾ ಬೂಟು ಬಿಡಿಸಿದರು. ಮೀನಖಂಡ ಸಣಕಲಾಗಿರುತ್ತದೆ, ಹೆದರಬೇಡಿ, ವ್ಯಾಯಾಮ ಮಾಡಿದರೆ ತುಂಬಿಕೊಳ್ಳುತ್ತದೆ. ಬಾವು ಮಾತ್ರ ತಿಂಗಳುಗಟ್ಟಲೆ ಬಂದು ಹೋಗಿ ಮಾಡಬಹುದು, ಅದಕ್ಕೆ ಹೊಸ ಶೂ ಕೊಳ್ಳಲು ಸಂಜೆ ಹೊತ್ತು ಹೋಗಿ. ಮತ್ತೆ, ಬೂಟು ಬಿಟ್ಟ ದಿನವೇ ಆ ಅಟ್ಟೆ ಏರಿಸಿದ ಚಪ್ಪಲಿಯನ್ನೂ ಬಿಡಿ. ನಾನು ಮರೆತು ಎರಡು ದಿನ ಅದನ್ನೇ ಹಾಕಿಕೊಂಡು, ಈ ಸಲ ಇನ್ನೊಂದು ಕಡೆಗೆ ಕುಂಟಿದೆ.