ಘಾನಾದಲ್ಲಿ ಮೂರು ವಾರ: ಒಬ್ಬ ರಿಪೇರಿಯವನ ಅನುಭವ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ವೈದ್ಯಕೀಯ ಉಪಕರಣಗಳ ದುರಸ್ತಿ ನೋಡಿಕೊಂಡು ನಿವೃತ್ತನಾದ ಮರುವರ್ಷ, ನಮ್ಮ ಕ್ರೈಸ್ತ ಸಭೆಯಿಂದ ಹೊರಟ ಹನ್ನೊಂದು ಜನರ ತಂಡದೊಡನೆ ನಾನು ಪಶ್ಚಿಮ ಆಫ್ರಿಕದ ಘಾನಾಕ್ಕೆ ಹೋಗಿ, ಅಶಾಂತಿ ಪ್ರಾಂತದ ಒಂದು ಸಣ್ಣ ಆಸ್ಪತ್ರೆಯಲ್ಲೂ ಅದರ ಪಕ್ಕದ ಶಾಲೆಯಲ್ಲೂ ಮೂರು ವಾರ ಕೆಲಸ ಮಾಡಿ ಬಂದೆ. ಎರಡೂ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವು. ಇಲ್ಲಿಲ್ಲದ ಯಾವ ಕೆಲಸ ಅಲ್ಲಿತ್ತು ಎಂದು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಾನು ಹೋದದ್ದು ಸಂಬಂಧದ ಎಳೆ ಹಿಡಿದು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ನಮಗೆಲ್ಲ ಗೊತ್ತು. ಅದಕ್ಕೂ ಆರು ವರ್ಷ ಮೊದಲೇ, 1828ರಲ್ಲಿ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಇಂದಿನ ಘಾನಾದ ಕರಾವಳಿಗೆ ಅವರು ಹೋಗಿ ಇಳಿದಿದ್ದರು. ನಮಗೆ ಕಿಟೆಲರ ನಿಘಂಟು 1894ರಲ್ಲಿ ಸಿಕ್ಕಿದರೆ, ಅಲ್ಲಿನ ಟ್ವಿ ಭಾಷೆಗೆ ಅದೇ ಮಿಶನ್ನಿನ ಕ್ರಿಸ್ಟಾಲರ್ ಎಂಬವರ ನಿಘಂಟು 1881ರಲ್ಲೇ ಸಿಕ್ಕಿತ್ತು. ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಹುಟ್ಟಿದವನು ನಾನು. ಅಶಾಂತಿಯ ಆಗೋಗೊದಲ್ಲಿ ಮಿಶನ್ ಆಸ್ಪತ್ರೆ ಆರಂಭವಾದದ್ದು 1931ರಲ್ಲಿ. ಒಂದೇ ಮನೆಯಿಂದ ಹೆಣ್ಣು ತಂದ ಷಡ್ಡಕರು ಒಬ್ಬರನ್ನೊಬ್ಬರು ನೋಡದೆ ಇನ್ನೂರು ವರ್ಷ ಬಾಳಿದ ಹಾಗೆ ನನಗೆ ಕಂಡಿತು. ನಾನು ಕೆಲಸ ಮಾಡಿದ್ದು ಆಗೋಗೊದಲ್ಲಲ್ಲ, ಅಲ್ಲಿಂದ ದೂರದ ಊರೊಂದರಲ್ಲಿ.

ಸಿದ್ಧತೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಅದರ ಪ್ರಮಾಣಪತ್ರದ ಪುಸ್ತಿಕೆಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು. ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ. ಮಲೇರಿಯಾ ಮಾತ್ರೆಯನ್ನು ತಪ್ಪಿಸುವಂತಿಲ್ಲ. ನಾನು ಒಯ್ದವುಗಳಲ್ಲಿ ಉಪಯೋಗಕ್ಕೆ ಬಂದದ್ದು ಮಲ್ಟಿಮೀಟರ್, ಆಮ್ಲಜನಕದ ಪ್ರಮಾಣ ಅಳೆಯುವ ಕೈಯಳತೆಯ ಅನಲೈಸರ್ ಮತ್ತು ಸ್ಕ್ರೂಡ್ರೈವರುಗಳ ಕಟ್ಟು, ಇಷ್ಟೇ.

ಮೊದಲ ದಿನ ಅಲ್ಲಿನ ತಂತ್ರಜ್ಞ ನನ್ನನ್ನು ಉಗ್ರಾಣಕ್ಕೆ ಕರೆದೊಯ್ದರು. ಮೂವತ್ತರ ಆಸುಪಾಸಿನ, ಮಿತಭಾಷಿಯಾದ ಮನುಷ್ಯ. ಬಾಗಿಲು ತೆರೆದರೆ ನಮ್ಮಲ್ಲಿ ಗುಜರಿ ಅಂಗಡಿಯ ಹಿಂಬದಿ ಹೇಗಿರುತ್ತದೋ ಹಾಗೆ, ದಾನವಾಗಿ ಬಂದ ಮಂಚ, ಮಾನಿಟರ್, ಇನ್‌ಕ್ಯುಬೇಟರ್, ಸಕ್ಷನ್ ಯಂತ್ರಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವೆ ಏಳು ಆಕ್ಸಿಜನ್ ಕಾನ್ಸಂಟ್ರೇಟರುಗಳು, ಅಂದರೆ ಗಾಳಿಯಿಂದ ಸಾರಜನಕವನ್ನು ತೆಗೆದು ರೋಗಿಗೆ ಆಮ್ಲಜನಕ ಕೊಡುವ ಯಂತ್ರಗಳು. ಮಕ್ಕಳ ವಾರ್ಡಿನಲ್ಲಿ ಆಗ ನಡೆಯುತ್ತಿದ್ದದ್ದು ಒಂದೇ ಒಂದು; ಅದರ ಕೊಳವೆಯನ್ನು ಕವಲೊಡೆಸಿ ಇಬ್ಬರು ಮಕ್ಕಳಿಗೆ ಹಂಚಿದ್ದರು. ಹಾಗಾಗಿ ಬೇರೆಲ್ಲ ಬಿಟ್ಟು ಈ ಏಳನ್ನೇ ಹಿಡಿಯೋಣ ಎಂದೆ.

ಏಳರಲ್ಲಿ ನಾಲ್ಕರ ಹಿಂಬದಿಯ ಫಲಕ 115 ವೋಲ್ಟ್, 60 ಹರ್ಟ್ಸ್ ಎಂದು ಹೇಳುತ್ತಿತ್ತು. ಘಾನಾದ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಒಂದು ಟ್ರಾನ್ಸ್‌ಫಾರ್ಮರ್ ಹಾಕಿದರೆ ಮುಗಿಯಿತು ಎಂದು ನಾನು ದೊಡ್ಡ ಧೈರ್ಯದಲ್ಲಿ ಹೇಳಿ, ಕುಮಾಸಿಯಿಂದ ಒಂದನ್ನು ತರಿಸಿ ಜೋಡಿಸಿದೆ. ಯಂತ್ರ ಶುರುವಾಯಿತು, ಗಾಳಿ ಬಂತು, ನರ್ಸುಗಳು ಚಪ್ಪಾಳೆ ತಟ್ಟಿದರು. ಅನಲೈಸರ್ ಹಿಡಿದು ನೋಡಿದರೆ ಆಮ್ಲಜನಕ ಶೇಕಡಾ 71. ಇರಬೇಕಾದದ್ದು 93ರ ಹತ್ತಿರ. ಫಿಲ್ಟರ್ ಬದಲಾಯಿಸಿದೆ, ಸೋರಿಕೆ ಹುಡುಕಿದೆ, ವಾಲ್ವ್ ಬಿಚ್ಚಿ ಒರೆಸಿದೆ. ಎರಡು ದಿನ ಕಳೆದರೂ ಅಂಕಿ ಮೇಲೇಳಲಿಲ್ಲ, ಮೋಟಾರಿನ ಮೈ ಮಾತ್ರ ಕೈಯಿಡಲಾಗದಷ್ಟು ಬಿಸಿಯಾಗುತ್ತಿತ್ತು.

ಮೂರನೆಯ ದಿನ ನನಗೆ ಹೊಳೆದದ್ದು, ನನ್ನ ಕೈಕೆಳಗೆ ಕಲಿತ ಯಾವ ಹುಡುಗನಾದರೂ ಹೇಳಬಹುದಾಗಿದ್ದ ಸಂಗತಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು, ಅಂದರೆ ಸೆಕೆಂಡಿಗೆ ವಿದ್ಯುತ್ತಿನ ಆವರ್ತನೆಗಳ ಸಂಖ್ಯೆಯನ್ನು, ಬದಲಿಸುವುದಿಲ್ಲ. ಕಂಪ್ರೆಸರಿನ ಮೋಟಾರು ಹರ್ಟ್ಸಿಗೆ ತಕ್ಕಂತೆ ತಿರುಗುವುದರಿಂದ ಐವತ್ತರಲ್ಲಿ ಅದರ ವೇಗ ಆರನೆಯ ಒಂದು ಪಾಲು ಕುಗ್ಗುತ್ತದೆ. ಅಷ್ಟು ಒತ್ತಡದ ಗಾಳಿ ಸಿಗದಿದ್ದರೆ ಒಳಗಿನ ಜಿಯೊಲೈಟ್ ಹರಳುಗಳು ಸಾರಜನಕವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳಲಾರವು. ನಾನು ಇದನ್ನು ವಿವರಿಸಿದಾಗ ತಂತ್ರಜ್ಞ ತಲೆಯಾಡಿಸಿ, ಹಿಂದೊಂದು ಸಕ್ಷನ್ ಯಂತ್ರದಲ್ಲೂ ಹೀಗೇ ಆಗಿತ್ತು ಎಂದರು. ಹಾಗಾದರೆ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಹಿರಿಯರು, ಅಷ್ಟು ದೂರದಿಂದ ಬಂದವರು; ನೀವೂ ಕೇಳಲಿಲ್ಲ” ಎಂದರು. ಆ ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿಂದ ಮುಂದೆ ಅವರು ಹೇಳಿದಂತೆ ನಡೆದೆ. ಆ ನಾಲ್ಕನ್ನು ಬಿಚ್ಚಿ ಬಿಡಿಭಾಗಕ್ಕೆಂದು ಇಟ್ಟೆವು. ಉಳಿದ ಮೂರು ಅದೇ ಕಂಪನಿಯ 230 ವೋಲ್ಟಿನವು. ಒಂದರ ಜಿಯೊಲೈಟು ವರ್ಷಗಟ್ಟಲೆ ಉಪಯೋಗಿಸದೆ ಬಿಟ್ಟಿದ್ದರಿಂದ ತೇವ ಹೀರಿ ಸತ್ತಿತ್ತು, ಎರಡು ಎದ್ದು ಕೂತವು. ನಾವು ಹೋದದ್ದು ಫೆಬ್ರವರಿಯಲ್ಲಿ. ಸಹಾರಾದಿಂದ ಬೀಸುವ ಹಾರ್ಮಟಾನ್ ಎಂಬ ಒಣಗಾಳಿಯ ಧೂಳು ಆ ದಿನಗಳಲ್ಲಿ ಎಲ್ಲದರ ಮೇಲೂ ಅಕ್ಕಿಹಿಟ್ಟು ಜರಡಿ ಹಿಡಿದಂತೆ ಕೂರುತ್ತದೆ. ವಾರಕ್ಕೊಮ್ಮೆ ತೊಳೆಯುವ ಫಿಲ್ಟರನ್ನು ಅಲ್ಲಿ ದಿನ ಬಿಟ್ಟು ದಿನ ತೊಳೆಯಬೇಕು. ವಾರ್ಡಿನ ಗೋಡೆಗೆ ಒಂದು ನೋಟುಪುಸ್ತಕ ತೂಗುಹಾಕಿ, ಯಂತ್ರ ಓಡಿದ ಗಂಟೆ, ಆಮ್ಲಜನಕದ ಅಂಕಿ, ಫಿಲ್ಟರ್ ತೊಳೆದವರ ಸಹಿ, ಈ ಮೂರನ್ನು ಬರೆಯುವ ಪದ್ಧತಿ ಮಾಡಿದೆವು. ಅನಲೈಸರನ್ನು ಅಲ್ಲೇ ಬಿಟ್ಟು ಬಂದೆ.

ಶಾಲೆಯ ಕೆಲಸದ ಬಗ್ಗೆ ನನಗೆ ಇನ್ನೂ ಅಸಮಾಧಾನವಿದೆ. ಘಾನಾದಲ್ಲಿ ಸಭೆಯ ಶಾಲೆಗಳ ಅಧ್ಯಾಪಕರಿಗೆ ಸರ್ಕಾರವೇ ಸಂಬಳ ಕೊಡುತ್ತದೆ, ಆದರೆ ಈ ಶಾಲೆಯಲ್ಲಿ ಕಟ್ಟಡದ ದುರಸ್ತಿಗೆ ಕಾಸು ಉಳಿಯುತ್ತಿರಲಿಲ್ಲ. ನಮ್ಮ ಬೆಳೆ ಹಬ್ಬದ ಏಲಂನಲ್ಲಿ ಕೂಡಿದ ಹಣದಿಂದ ತರಗತಿಗಳಿಗೆ ಬಣ್ಣ ಬಳಿಯುವುದೆಂದು ಮಂಗಳೂರಿನಲ್ಲೇ ತೀರ್ಮಾನವಾಗಿತ್ತು, ಏಕೆಂದರೆ ಬ್ರಷ್ ಹಿಡಿಯಲು ಎಲ್ಲರಿಗೂ ಬರುತ್ತದೆ, ಫೋಟೊ ಕೂಡ ಚೆನ್ನಾಗಿ ಬರುತ್ತದೆ. ನಾವು ಎರಡನೆಯ ಗೋಡೆಗೆ ಬರುವ ಹೊತ್ತಿಗೆ ಊರಿನ ಪೇಂಟರ್ ಒಬ್ಬರು ಬಂದು ಕಿಟಕಿಯ ಬಳಿ ನಿಂತರು. ಬಹಳ ಹೊತ್ತು ನಿಂತು ನೋಡಿ, ಮೂಲೆಯಲ್ಲಿ ಬಣ್ಣ ಇಳಿಯುತ್ತಿರುವುದನ್ನು ಬೆರಳಿನಿಂದ ತೋರಿಸಿ, ಹೊರಟುಹೋದರು. ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದಾಗ ಅವರಿಗೆ ಬೇಕಾಗಿದ್ದದ್ದು ನೀರಿನ ಟ್ಯಾಂಕು ಎಂದು ತಿಳಿಯಿತು: ತಗಡಿನ ಮಾಡಿಗೆ ದಂಬೆ ಕಟ್ಟಿ, ಮಳೆನೀರನ್ನು ಅಲ್ಲಿಯವರು ಪಾಲಿಟ್ಯಾಂಕ್ ಎಂದು ಕರೆಯುವ ಪ್ಲಾಸ್ಟಿಕ್ ಟ್ಯಾಂಕಿಗೆ ಬಿಟ್ಟರೆ, ಮಳೆಗಾಲದಲ್ಲಾದರೂ ಮಕ್ಕಳು ಬೋರ್‌ವೆಲ್ಲಿಗೆ ಬಕೆಟ್ ಹೊತ್ತು ನಡೆಯುವುದು ತಪ್ಪುತ್ತಿತ್ತು. ನಾಲ್ಕು ದಿನದ ವಾದದ ನಂತರ ಬಣ್ಣಕ್ಕೆಂದು ಇಟ್ಟ ಹಣದಲ್ಲಿ ಅರ್ಧ ಟ್ಯಾಂಕಿಗೆ ಹೋಯಿತು, ಉಳಿದ ಕೋಣೆಗಳ ಕೆಲಸವನ್ನು ಆ ಪೇಂಟರಿಗೇ ಕೂಲಿ ಕೊಟ್ಟು ಒಪ್ಪಿಸಿದೆವು. ನಾವು ಬಳಿದ ಎರಡು ಕೋಣೆಗಳನ್ನು ಗುರುತಿಸುವುದು ಕಷ್ಟವಲ್ಲ.

ಎರಡನೆಯ ಭಾನುವಾರ ಆರಾಧನೆಯಲ್ಲಿ ಕಾಣಿಕೆಯನ್ನು ಹುಟ್ಟಿದ ವಾರದ ಪ್ರಕಾರ ಎತ್ತಿದರು. ಇದನ್ನು ಕೋಫಿ-ಅಮಾ ಎನ್ನುತ್ತಾರೆ. ಕೋಫಿ ಎಂದರೆ ಶುಕ್ರವಾರದ ಗಂಡು, ಅಮಾ ಎಂದರೆ ಶನಿವಾರದ ಹೆಣ್ಣು. ಸೋಮವಾರದವರು, ಮಂಗಳವಾರದವರು ಎಂದು ಗುಂಪುಗುಂಪಾಗಿ ಕುಣಿಯುತ್ತ ಹೋಗಿ ಪೆಟ್ಟಿಗೆಗೆ ಹಾಕುತ್ತಾರೆ, ಯಾವ ವಾರದವರದು ಹೆಚ್ಚು ಎಂದು ಕೊನೆಗೆ ಘೋಷಿಸುತ್ತಾರೆ. ನನಗೆ ನನ್ನ ವಾರವೇ ಗೊತ್ತಿರಲಿಲ್ಲ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಉಡುಪಿಯಲ್ಲಿ ಆಗ ಮಧ್ಯಾಹ್ನ ಮೂರೂವರೆ. “ಬುಧವಾರ ಮಾರಾಯ, ಆಸ್ಪತ್ರೆಗೆ ಹೋಗುವಾಗ ಜಡಿಮಳೆ. ಈಗ ಯಾಕೆ ಅದು?” ಎಂದರು. ಬುಧವಾರದ ಗಂಡು ಕ್ವಾಕು. ಅಂದಿನಿಂದ ಇಡೀ ಆಸ್ಪತ್ರೆ ನನ್ನನ್ನು ಹಾಗೆಯೇ ಕರೆಯಿತು. ಅದೇ ದಿನ ಊಟಕ್ಕೆ ಕೊಂಟೊಮಿರೆ ಎಂಬ ಸೊಪ್ಪಿನ ಪಲ್ಯ ಬಂತು. ನಮ್ಮ ಕೆಸುವಿನ ಎಲೆಯ ಬಳಗದ್ದೇ. ಪತ್ರೊಡೆಯ ವಿಷಯ ಹೇಳಿದಾಗ ಅಡುಗೆಯವರು, ಅಷ್ಟು ಕಷ್ಟಪಟ್ಟು ಸುರುಳಿ ಸುತ್ತುವುದೇಕೆ ಎಂದು ಕೇಳಿದರು.

ಮರಳಿ ಬಂದು ಈಗ ಏಳು ತಿಂಗಳು. ನೋಟುಪುಸ್ತಕದ ಪುಟದ ಫೋಟೊವನ್ನು ತಂತ್ರಜ್ಞರು ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಒಂದು ಯಂತ್ರ 92ರಲ್ಲಿದೆ, ಇನ್ನೊಂದು ಹೋದ ತಿಂಗಳು 86ಕ್ಕೆ ಇಳಿದಿದೆ. ಅದರ ಜಿಯೊಲೈಟ್ ಡಬ್ಬಿಗಳನ್ನು ಬದಲಾಯಿಸಬೇಕು ಎಂಬುದು ಅವರ ಅಭಿಪ್ರಾಯ, ನನ್ನದೂ ಅದೇ. ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ದರ ತರಿಸಿಕೊಂಡು ಅವರಿಗೆ ಕಳಿಸಿದ್ದೇನೆ; ಅಕ್ರಾದಲ್ಲೇ ಕಡಿಮೆಗೆ ಸಿಗಬಹುದೇನೋ, ವಿಚಾರಿಸಿ ಹೇಳುತ್ತೇನೆ ಎಂದು ನಿನ್ನೆ ಬರೆದಿದ್ದಾರೆ.